ಹೆಸರು ಓದಿದ ಮಾತ್ರಕ್ಕೆ ಕತ್ತಿ ಓದಿದ ಹಾಗಲ್ಲ

ಮಳೆಗಾಲದ ಒಂದು ರಾತ್ರಿ ಕುಂಸಿಯಿಂದ ಸ್ನೇಹಿತರೊಬ್ಬರು ವಾಟ್ಸಾಪಿನಲ್ಲಿ ನಾಲ್ಕು ಫೋಟೊ ಕಳಿಸಿದ್ದರು. ಕೆಳಗೆ ಒಂದೇ ಸಾಲು: "ಸಾರ್, ಇದು ಯಾವ ಲಿಪಿ?"

ಶಾಸನ ಓದೋರು ಅಂತ ಒಂದು ಸಲ ಹೆಸರಾದರೆ ಇಂಥವು ಬರ್ತಾನೇ ಇರ್ತವೆ. ತೋಟದಲ್ಲಿ ಸಿಕ್ಕ ಮಾಸ್ತಿಕಲ್ಲು, ಅಜ್ಜಿಯ ಪೆಟ್ಟಿಗೆಯ ನಾಣ್ಯ, ಯಾರೋ ಕಲ್ಲಿನ ಮೇಲೆ ಕೊರೆದ ಬೆಂಚ್ ಮಾರ್ಕು, ಹೀಗೆ. ಆದರೆ ಈ ಸಲ ಬಂದದ್ದು ಕತ್ತಿ. ನಮ್ಮ ಕಡೆ ಅಡಿಕೆ ತೋಟಕ್ಕೆ ಒಯ್ಯುವ ಕತ್ತಿಯಲ್ಲ, ಉದ್ದನೆಯ, ಸ್ವಲ್ಪವೇ ಬಾಗಿದ, ಒಂದೇ ಕಡೆ ಬಾಯಿ ಇರುವ ಖಡ್ಗ. ಹಿಡಿಯನ್ನು ಕಳಚಿ, ಹಿಡಿಯೊಳಗೆ ಹೊಕ್ಕಿರುವ ಅಲಗಿನ ಬಾಲವನ್ನು ಹತ್ತಿರದಿಂದ ತೆಗೆದಿದ್ದರು. ಅದರ ಮೇಲೆ ಮೇಲಿಂದ ಕೆಳಕ್ಕೆ ಎರಡು ಅಕ್ಷರ.

ಲಿಪಿ ಜಪಾನೀಯರದ್ದು ಅನ್ನೋದು ನೋಡಿದ ಕೂಡಲೆ ಗೊತ್ತಾಗುತ್ತಿತ್ತು. ಆದರೆ ಸ್ನೇಹಿತರ ಮನೆಯಲ್ಲಿ ಅಷ್ಟು ಹೊತ್ತಿಗಾಗಲೇ ಎರಡು ತೀರ್ಮಾನ ಆಗಿಹೋಗಿದ್ದವು. ಮೊದಲನೆಯದು ಅಕ್ಕಪಕ್ಕದವರದ್ದು: ಇದು ಕೆಳದಿ ಅರಸರ ಕಾಲದ್ದು, ಚೆನ್ನಮ್ಮಾಜಿಯ ಸೈನ್ಯದ್ದು. ಎರಡನೆಯದು ಮೊಬೈಲಿನದ್ದು: ಅಕ್ಷರದ ಫೋಟೊ ಹಾಕಿದರೆ ಅದು "ಕನೆಮೊತೊ" ಅಂತ ಓದಿ ಕೊಟ್ಟಿತ್ತು. ಆ ಹೆಸರನ್ನು ಹುಡುಕಿದರೆ ಜಪಾನಿನ ಸೆಕಿ ಎಂಬ ಊರಿನ, 16ನೇ ಶತಮಾನದ ಹೆಸರಾಂತ ಕಮ್ಮಾರ. ಅಲ್ಲಿಗೆ ಐನೂರು ವರ್ಷ ಹಳೆಯ ಕತ್ತಿ, ಬೆಲೆ ಲಕ್ಷಗಳಲ್ಲಿ. ಸ್ನೇಹಿತರು ಅದೇ ವಾರ ಹಳೆಯ ಆಯುಧ ಸಂಗ್ರಹಿಸುವ ಹವ್ಯಾಸ ಶುರು ಮಾಡುವುದಾಗಿಯೂ ಹೇಳಿದರು.

ನಾನು ಇಲ್ಲಿ ವಿಮರ್ಶೆ ಮಾಡಹೊರಟಿರುವುದು ಈ ಎರಡನೆಯ ತೀರ್ಮಾನವನ್ನು. ಮೊದಲನೆಯದು ಊರಿನ ಮೇಲಿನ ಪ್ರೀತಿಯಿಂದ ಹುಟ್ಟಿದ್ದು, ಅದಕ್ಕೆ ಉತ್ತರ ಸುಲಭ. ಎರಡನೆಯದು ಶಾಸ್ತ್ರದ ವೇಷ ಹಾಕಿಕೊಂಡು ಬರುತ್ತದೆ. ಹೆಸರು ಓದು, ಪಟ್ಟಿಯಲ್ಲಿ ಹುಡುಕು, ಕಾಲ ಬರೆದುಕೋ. ಹೊಸ ಸಂಗ್ರಾಹಕರಿಗೆ ಜಗತ್ತಿನ ಎಲ್ಲ ಕಡೆ ಸಿಗುವ ಸಲಹೆ ಹೆಚ್ಚುಕಡಿಮೆ ಇದೇ. ಶಾಸನದ ಕಡೆಯಿಂದ ಬಂದ ನಮಗೆ ಈ ದಾರಿ ಎಲ್ಲಿ ಹೋಗಿ ಮುಗಿಯುತ್ತದೆ ಅನ್ನೋದು ಗೊತ್ತಿರಬೇಕು. ಯಾಕೆಂದರೆ ನಮ್ಮ ಜಿಲ್ಲೆಯಲ್ಲೇ ಅದಕ್ಕೆ ಭಾರಿ ಉದಾಹರಣೆ ಇದೆ.

ಜನಮೇಜಯನ ತಾಮ್ರಪಟಗಳು

ಕುಂಸಿಯಿಂದ ಸಾಗರದ ರಸ್ತೆ ಹಿಡಿದರೆ ಚೋರಡಿ ದಾಟಿ ಆನಂದಪುರ. ಆ ಸೀಮೆಯ ಗೌಜ ಅಗ್ರಹಾರದಲ್ಲಿ, ಸೊರಬದ ಕುಪ್ಪಗಡ್ಡೆಯಲ್ಲಿ, ಶಿಕಾರಿಪುರದ ಬೇಗೂರಿನಲ್ಲಿ, ತೀರ್ಥಹಳ್ಳಿಯ ಭೀಮನಕಟ್ಟೆ ಮಠದಲ್ಲಿ ತಾಮ್ರಪಟಗಳಿವೆ. ದಾನ ಕೊಟ್ಟವನ ಹೆಸರು ಜನಮೇಜಯ. ಹೌದು, ಪರೀಕ್ಷಿತನ ಮಗ, ಸರ್ಪಯಾಗ ಮಾಡಿದ ಅದೇ ಜನಮೇಜಯ. ಹೆಸರು ಓದಿ ಪಟ್ಟಿಯಲ್ಲಿ ಹುಡುಕುವ ಕ್ರಮ ಹಿಡಿದರೆ ಇವು ಮಹಾಭಾರತದ ಯುದ್ಧ ಮುಗಿದ ಕೆಲವೇ ದಶಕಗಳ ನಂತರದ ದಾಖಲೆ ಆಗಬೇಕು. ಆದರೆ ಬರೆದಿರುವುದು ನಾಗರಿ ಲಿಪಿಯಲ್ಲಿ. ಅಶೋಕನ ಬ್ರಾಹ್ಮಿಯಿಂದ ಆ ಲಿಪಿ ಬೆಳೆದು ಬರೋದಕ್ಕೇ ಸಾವಿರ ವರ್ಷದ ಮೇಲೆ ಬೇಕಾಯಿತು. ಹೆಸರು ಹೇಳುವುದು ಒಂದು ಕಾಲ, ಅಕ್ಷರದ ಮೈಕಟ್ಟು ಹೇಳುವುದು ಇನ್ನೊಂದು ಕಾಲ. ಇಬ್ಬರಲ್ಲಿ ಯಾರನ್ನು ನಂಬಬೇಕು ಅನ್ನೋದರಲ್ಲಿ ನಮಗೆ ಅನುಮಾನ ಇಲ್ಲ.

ಗಂಗರ ತಾಮ್ರಪಟಗಳ ವಿಷಯದಲ್ಲಿ ಇದೇ ಪ್ರಶ್ನೆ ದೊಡ್ಡ ಜಗಳವಾಗಿತ್ತು. ಹರಿವರ್ಮನ ತಂಜಾವೂರು ತಾಮ್ರಪಟ ತನ್ನನ್ನು ಶಕ 169ರದ್ದು, ಅಂದರೆ ಕ್ರಿ.ಶ. 3ನೇ ಶತಮಾನದ್ದು ಎಂದು ಹೇಳಿಕೊಳ್ಳುತ್ತದೆ. ಜೆ. ಎಫ್. ಫ್ಲೀಟ್ ಅದರ ಲಿಪಿಯನ್ನು ನೋಡಿ, ಇದು ಎಷ್ಟೋ ಶತಮಾನ ಈಚಿನ ಕೈಬರಹ, ಪಟ ಕೂಟಶಾಸನ ಎಂದರು. ಬಿ. ಎಲ್. ರೈಸ್ ಅವರಿಗೆ ಗಂಗರ ಪಟಗಳ ಮೇಲೆ ಹೆಚ್ಚು ವಿಶ್ವಾಸವಿತ್ತು. ಇಬ್ಬರ ವಾದ ಪ್ರತಿವಾದ ವರ್ಷಗಟ್ಟಲೆ ನಡೆಯಿತು. ಎಲ್ಲ ಪಟಗಳ ವಿಷಯದಲ್ಲೂ ಫ್ಲೀಟ್ ಗೆದ್ದರು ಅಂತಲ್ಲ. ಆದರೆ ಆ ಜಗಳದಿಂದ ನಮಗೆ ಒಂದು ಶಿಸ್ತು ಉಳಿಯಿತು: ಶಾಸನ ತನ್ನ ಬಗ್ಗೆ ತಾನು ಏನು ಹೇಳಿಕೊಳ್ಳುತ್ತದೆ ಅನ್ನೋದನ್ನು ಕೊನೆಯಲ್ಲಿ ಕೇಳಬೇಕು. ಮೊದಲು ಅದರ ಲೋಹ, ಮುದ್ರೆ, ಅಕ್ಷರ, ಭಾಷೆ, ತಿಥಿಯ ಲೆಕ್ಕ.

ಜಪಾನಿನ ಕತ್ತಿ ತಜ್ಞರದ್ದೂ ಅದೇ ಶಿಸ್ತು. ವಿಚಿತ್ರ ಏನೆಂದರೆ, ಅವರ ಶಿಸ್ತನ್ನು ಬಿಟ್ಟು ಅವರ ಪಟ್ಟಿಗಳು ಮಾತ್ರ ಜಗತ್ತಿಗೆಲ್ಲ ಹಬ್ಬಿವೆ.

ಹೆಸರಿಗೆ ಮೊದಲು ನೋಡುವುದು

ಕ್ರಮವಾಗಿ ನೋಡೋಣ. ತಜ್ಞ ಕತ್ತಿಯನ್ನು ಕೈಗೆ ತೆಗೆದುಕೊಂಡರೆ ಮೊದಲು ನೋಡುವುದು ಅಲಗಿನ ಆಕಾರ. ಎಷ್ಟು ಬಾಗಿದೆ, ಬಾಗು ಎಲ್ಲಿದೆ, ಬುಡದಲ್ಲೋ ನಡುವಿನಲ್ಲೋ, ಅಗಲ ಮೊನೆಯ ಕಡೆಗೆ ಎಷ್ಟು ಕಿರಿದಾಗುತ್ತದೆ. ಕುದುರೆ ಮೇಲೆ ಕೂತು ಹೋರಾಡುತ್ತಿದ್ದ ಕಾಲದ ತಾಚಿ ಬುಡದ ಹತ್ತಿರವೇ ಹೆಚ್ಚು ಬಾಗಿರುತ್ತದೆ. 14ನೇ ಶತಮಾನದಲ್ಲಿ ಭಾರಿ ಉದ್ದದ, ಅಗಲದ ಅಲಗುಗಳು ಬಂದವು. 1661ರಿಂದ 1673ರವರೆಗಿನ ಕಾನ್‌ಬುನ್ ಯುಗದ ಅಲಗು ನೆಟ್ಟಗೆ ಅನ್ನುವಷ್ಟು ಕಡಿಮೆ ಬಾಗು. ವೀರಗಲ್ಲು ನೋಡಿ ಅಭ್ಯಾಸ ಇದ್ದವರಿಗೆ ಇದು ಹೊಸದಲ್ಲ. ಬರಹ ಓದುವ ಮೊದಲೇ ಕಲ್ಲಿನ ಪಟ್ಟಿಕೆಗಳ ಕಟ್ಟು, ತಲೆಯ ಸಿಂಗಾರ, ಉಡುಗೆಯ ರೀತಿ ನೋಡಿ ಹೆಚ್ಚುಕಡಿಮೆ ಯಾವ ಕಾಲ ಅಂತ ನಾವು ಅಂದಾಜು ಮಾಡ್ತೀವಲ್ಲ, ಹಾಗೆ.

ಎರಡನೆಯದು ಉಕ್ಕಿನ ಮೈ. ತತಾರಾ ಎಂಬ ಕುಲುಮೆಯಲ್ಲಿ ಕಬ್ಬಿಣದ ಮರಳನ್ನು ಇದ್ದಿಲಿನ ಜೊತೆ ಕಾಯಿಸಿ ತೆಗೆದ ಉಕ್ಕನ್ನು ಮತ್ತೆ ಮತ್ತೆ ಮಡಚಿ ಬಡಿದಾಗ ಅಲಗಿನ ಮೈಮೇಲೆ ಮರದ ಎಳೆಯಂಥ ನವಿರಾದ ವಿನ್ಯಾಸ ಬರುತ್ತದೆ. ಉಕ್ಕಿನ ವಿಷಯ ಬಂದಾಗ ನಾವು ಎದೆ ಸೆಟೆಸಬಹುದು. ಯುರೋಪಿನವರು "ವೂಟ್ಸ್" ಎಂದು ಕರೆದ ದಕ್ಷಿಣ ಭಾರತದ ಮೂಸೆ ಉಕ್ಕಿನ ಹೆಸರು ಕನ್ನಡದ "ಉಕ್ಕು" ಪದದಿಂದಲೇ ಬಂದದ್ದು ಎಂದು ಬಹಳ ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬಂದ ಜಾರ್ಜ್ ಪಿಯರ್ಸನ್ನರ ಪ್ರಬಂಧದಲ್ಲಿ ಆ ಪದ ಅಚ್ಚಾಗಿದೆ. ಆದರೆ ಮೂಸೆ ಉಕ್ಕಿನ ಅಲಗಿನ ಮೇಲಿನ ನೀರಿನಂಥ ವಿನ್ಯಾಸ ಬೇರೆ, ಮಡಚಿ ಬಡಿದ ಜಪಾನೀ ಉಕ್ಕಿನ ವಿನ್ಯಾಸ ಬೇರೆ. ಎರಡನ್ನೂ ಒಮ್ಮೆ ಅಕ್ಕಪಕ್ಕ ಇಟ್ಟು ನೋಡಿದವರು ಕೆಳದಿಯ ಕತ್ತಿಯನ್ನೂ ಜಪಾನಿನ ಕತ್ತಿಯನ್ನೂ ಬೆರೆಸುವುದಿಲ್ಲ.

ಮೂರನೆಯದು ಹದದ ಗೆರೆ. ಅಲಗಿಗೆ ಮಣ್ಣಿನ ಲೇಪ ಹಚ್ಚುತ್ತಾರೆ, ಬೆನ್ನಿಗೆ ದಪ್ಪ, ಬಾಯಿಗೆ ತೆಳು. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಬಾಯಿ ಬೇಗ ತಣಿದು ಗಟ್ಟಿಯಾಗುತ್ತದೆ, ಬೆನ್ನು ಮೃದುವಾಗಿ ಉಳಿಯುತ್ತದೆ. ಎರಡರ ನಡುವೆ ಬಿಳಿಚು ಗೆರೆಯೊಂದು ಮೂಡುತ್ತದೆ, ಅದೇ ಹಾಮೊನ್. ಒಂದೊಂದು ಪರಂಪರೆಗೆ ಒಂದೊಂದು ಬಗೆಯ ಗೆರೆ. ಮೊಬೈಲು ಹೇಳಿದ ಆ ಕನೆಮೊತೊ ಪ್ರಸಿದ್ಧನಾದದ್ದು ಮೂರು ಮೂರು ದೇವದಾರು ಮರ ಸಾಲಾಗಿ ನಿಂತಂತೆ ಕಾಣುವ ಮೊನಚು ಗೆರೆಗೆ. ಆಸಿಡ್ಡಿನಿಂದ ಕೊರೆದ ಹುಸಿ ಗೆರೆಗಳೂ ಇವೆ. ಬೆಳಕಿನಲ್ಲಿ ಓರೆ ಹಿಡಿದರೆ ನಿಜವಾದ ಗೆರೆಯ ಒಳಗೆ ಮಂಜಿನಂಥ ಕಣಗಳು ಕಾಣುತ್ತವೆ, ಹುಸಿ ಗೆರೆ ಬಣ್ಣ ಬಳಿದ ಹಾಗೆ ಚಪ್ಪಟೆ.

ನಾಲ್ಕನೆಯದು ಅಲಗಿನ ಬಾಲ, ಅವರ ಮಾತಿನಲ್ಲಿ ನಕಾಗೊ. ಇಲ್ಲಿಯೂ ಹೆಸರು ಆಮೇಲೆ. ಮೊದಲು ತುಕ್ಕಿನ ಬಣ್ಣ. ಶತಮಾನಗಳ ತುಕ್ಕು ಕಪ್ಪುಗಂದು, ಸಮನಾಗಿ ಕೂತಿರುತ್ತದೆ; ಈಚಿನದು ಕೆಂಪು, ಪುಡಿ ಪುಡಿ. ಆಮೇಲೆ ಅರ ಉಜ್ಜಿದ ಗೀರುಗಳ ದಿಕ್ಕು, ಬಾಲದ ತುದಿಯ ಆಕಾರ, ಹಿಡಿಗೆ ಗೂಟ ಹಾಕುವ ತೂತುಗಳ ಸಂಖ್ಯೆ. ಒಂದಕ್ಕಿಂತ ಹೆಚ್ಚು ತೂತಿದ್ದರೆ ಹಿಡಿಯನ್ನು ಬದಲಿಸಿರಬಹುದು, ಅಥವಾ ಉದ್ದದ ಅಲಗನ್ನು ಬುಡದಿಂದ ಕತ್ತರಿಸಿ ಗಿಡ್ಡ ಮಾಡಿರಬಹುದು. ಹಾಗೆ ಕತ್ತರಿಸಿದಾಗ ಹೆಸರಿದ್ದ ಭಾಗವೇ ಹೋಗಿಬಿಡುತ್ತದೆ. ಹೀಗಾಗಿ ಬಹಳ ಹಳೆಯ, ಬಹಳ ಒಳ್ಳೆಯ ಕತ್ತಿಗಳಲ್ಲಿ ಎಷ್ಟೋ ಸಲ ಹೆಸರೇ ಇರುವುದಿಲ್ಲ. ಹೆಸರಿಲ್ಲದ ಕತ್ತಿಗೆ ಬೆಲೆಯಿಲ್ಲ ಅಂದುಕೊಳ್ಳುವ ಹೊಸಬರು ಮೊದಲು ಎಡವುವುದು ಇಲ್ಲೇ. ಬರಹವಿಲ್ಲದ ವೀರಗಲ್ಲನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ನಮ್ಮ ಹಳೆಯ ಅಭ್ಯಾಸವೂ ಇದರ ನೆಂಟನೇ.

ಇಷ್ಟೆಲ್ಲ ಆದ ಮೇಲೆ ಹೆಸರು. ಅದೂ ಬರೀ ಓದೋದಲ್ಲ. ಉಳಿಯ ಏಟಿನ ಬಗೆ, ಅಕ್ಷರದ ಓರೆಕೋರೆ, ಅದು ಬಾಲದ ಯಾವ ಮಗ್ಗುಲಲ್ಲಿದೆ ಅನ್ನೋದು. ಸೊಂಟಕ್ಕೆ ಸಿಕ್ಕಿಸಿದಾಗ ಹೊರಗೆ ಕಾಣುವ ಮಗ್ಗುಲಿಗೆ ಹೆಸರು ಹಾಕುವುದು ವಾಡಿಕೆ. ತಾಚಿಯನ್ನು ಬಾಯಿ ಕೆಳಗೆ ಮಾಡಿ ತೂಗುಹಾಕುತ್ತಿದ್ದರು, ಕತಾನಾವನ್ನು ಬಾಯಿ ಮೇಲೆ ಮಾಡಿ ಸಿಕ್ಕಿಸುತ್ತಿದ್ದರು. ಆದ್ದರಿಂದ ಎರಡರಲ್ಲೂ ಹೆಸರಿನ ಮಗ್ಗುಲು ಸಾಮಾನ್ಯವಾಗಿ ಅದಲು ಬದಲು. ಈ ಬಾಲದ ಬರಹಕ್ಕೆ ಅವರು ಕಾಗದ ಹೊದಿಸಿ, ಮಸಿ ಉಜ್ಜಿ ಅಚ್ಚು ತೆಗೆಯುತ್ತಾರೆ, ಅದಕ್ಕೆ ಓಶಿಗಾತಾ ಎಂದು ಹೆಸರು. ನಮ್ಮ ಪಡಿಯಚ್ಚಿನದೇ ಒಕ್ಕಲು.

ಮಾಸ್ತರರ ಹೆಸರು, ಬಿರುದು, ವರ್ಷ

ಬಾಲದ ಬರಹದ ಮಾದರಿ ಶಾಸನ ಓದೋರಿಗೆ ಮನೆಯ ಮಾತಿನ ಹಾಗೆ ಕೇಳಿಸುತ್ತದೆ. ಇಂಥ ಸೀಮೆಯ, ಇಂಥ ಊರಿನ ನಿವಾಸಿ, ಇಂಥವನು ಮಾಡಿದ್ದು. ಬೇಲೂರಿನ ಮದನಿಕೆಗಳ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಹೆಸರು ಬರೆದುಕೊಂಡ ರೀತಿ ಇದೇ ತಾನೆ? ನಮ್ಮ ರೂವಾರಿಗಳು ಹೆಸರಿನ ಜೊತೆ ಬಿರುದು ಹಾಕಿಕೊಂಡ ಹಾಗೆ ಅಲ್ಲಿನ ಕಮ್ಮಾರರೂ ಹಾಕಿಕೊಂಡರು. ಹೆಸರಿನ ಜೊತೆ "ಇಂಥ ಪ್ರಾಂತದ ಕಾಮಿ" ಎಂದಿದ್ದರೆ, ಆ ಪದದ ಅರ್ಥ ಪ್ರಾಂತಾಧಿಪತಿ. ಹೊಸಬರು ಅದನ್ನು ಓದಿ, ಈ ಕತ್ತಿ ರಾಜ್ಯಪಾಲನದ್ದು ಅಂದುಕೊಳ್ಳುತ್ತಾರೆ. ಅದು ಕಮ್ಮಾರನಿಗೆ ಸಿಕ್ಕ ಗೌರವದ ಬಿರುದು, ಅಷ್ಟೆ.

ಇನ್ನು ಹೆಸರು. ಒಬ್ಬ ಗುರುವಿನ ಹೆಸರನ್ನು ಮಗ, ಶಿಷ್ಯ, ಶಿಷ್ಯನ ಮಗ ಹೀಗೆ ತಲೆತಲಾಂತರ ಇಟ್ಟುಕೊಳ್ಳುವುದು ಅಲ್ಲಿ ರೂಢಿ. ಕೆಳದಿ ವಂಶಾವಳಿಯಲ್ಲಿ ಇಬ್ಬರು ಸೋಮಶೇಖರ ನಾಯಕರು ಇದ್ದಾರೆ. ಶಾಸನದಲ್ಲಿ ಬರೀ ಸೋಮಶೇಖರ ನಾಯಕ ಎಂದಿದ್ದರೆ ಯಾರು ಅಂತ ನಿರ್ಧರಿಸೋಕೆ ನಾವು ಶಕವರ್ಷ ಹುಡುಕ್ತೀವಿ. ಕನೆಮೊತೊ ಹೆಸರು ಸೆಕಿ ಊರಿನಲ್ಲಿ 20ನೇ ಶತಮಾನದವರೆಗೂ ನಡೆದು ಬಂದಿದೆ. ಅಂದರೆ ಆ ಎರಡು ಅಕ್ಷರಕ್ಕೆ ಕನಿಷ್ಠ ಮೂರು ಅರ್ಥ ಸಾಧ್ಯ: ಆ ಪ್ರಸಿದ್ಧ ಕಮ್ಮಾರ, ಅದೇ ಹೆಸರು ಹೊತ್ತ ಮುಂದಿನವನೊಬ್ಬ, ಅಥವಾ ಆ ಹೆಸರನ್ನು ಕದ್ದವನು. ಮೊಬೈಲು ಮೊದಲನೆಯದನ್ನು ಮಾತ್ರ ಹೇಳಿತ್ತು.

ವರ್ಷವಿದ್ದರೂ ಕೆಲಸ ಮುಗಿಯೋದಿಲ್ಲ. ಜಪಾನಿನಲ್ಲಿ ಕಾಲಗಣನೆ ಯುಗದ ಹೆಸರಿನಿಂದ. ಬುನ್ಸೇ ಯುಗದ 8ನೇ ವರ್ಷ ಎಂದರೆ, ಯುಗ ಶುರುವಾದ 1818 ಮೊದಲನೆಯ ವರ್ಷ, ಹಾಗಾಗಿ 1825. ಮೇಜಿ ಕಾಲಕ್ಕೆ, ಅಂದರೆ 1868ಕ್ಕೆ ಮುಂಚೆ ಒಬ್ಬನೇ ಸಾಮ್ರಾಟನ ಆಳ್ವಿಕೆಯಲ್ಲಿ ಹಲವು ಸಲ ಯುಗ ಬದಲಾಗುತ್ತಿತ್ತು. ಇದರ ಜೊತೆಗೆ ನಮ್ಮಂತೆಯೇ 60 ವರ್ಷದ ಚಕ್ರವೂ ಉಂಟು. ಕೆಲವು ಕತ್ತಿಗಳ ಮೇಲೆ ಆ ಚಕ್ರದ ಹೆಸರು ಮಾತ್ರ ಇರುತ್ತದೆ. ಬರೀ "ಪ್ರಭವ ಸಂವತ್ಸರ" ಎಂದು ಬರೆದ ಕಲ್ಲು ಸಿಕ್ಕಿದ ಹಾಗೆ ಇದು. ಪ್ರಭವ 1987ರಲ್ಲೂ ಬಂತು, 1927ರಲ್ಲೂ ಬಂತು, 1867ರಲ್ಲೂ ಬಂತು. ಯಾವ ಸುತ್ತು ಅನ್ನೋದನ್ನು ಬೇರೆ ಕಡೆಯಿಂದ ತರಬೇಕು.

ತಿಂಗಳ ವಿಷಯ ಇನ್ನೂ ಸ್ವಾರಸ್ಯ. ಬಹಳಷ್ಟು ಕತ್ತಿಗಳ ಮೇಲೆ ಎರಡನೆಯ ತಿಂಗಳ ಒಂದು ದಿನ ಅಥವಾ ಎಂಟನೆಯ ತಿಂಗಳ ಒಂದು ದಿನ ಎಂದೇ ಇರುತ್ತದೆ. ಎಲ್ಲ ಕಮ್ಮಾರರೂ ಅದೇ ಎರಡು ತಿಂಗಳಲ್ಲಿ ಕೆಲಸ ಮಾಡಿದರು ಅಂತಲ್ಲ. ಅದು ಒಂದು ಒಕ್ಕಣೆ. ನಮ್ಮ ದಾನಶಾಸನಗಳಲ್ಲಿ ಸೂರ್ಯಗ್ರಹಣ, ಉತ್ತರಾಯಣ ಸಂಕ್ರಾಂತಿ ಎಷ್ಟು ಸಲ ಬರುತ್ತವೆ, ಅವುಗಳಲ್ಲಿ ಎಷ್ಟು ಪಂಚಾಂಗದ ಲೆಕ್ಕಕ್ಕೆ ಕೂಡುತ್ತವೆ ಅನ್ನೋದು ತಿಥಿ ಲೆಕ್ಕ ಹಾಕಿದವರಿಗೆ ಗೊತ್ತು. ಇಷ್ಟು ದೂರ ಯಾಕೆ, ನಮ್ಮ ಹೊಸನಗರ ತಾಲ್ಲೂಕಿನ ನಗರದಲ್ಲಿ ಟಿಪ್ಪುವಿನ ಟಂಕಸಾಲೆ ಇತ್ತು. 1787ರಿಂದ ಈಚೆಗೆ ಅವನ ನಾಣ್ಯಗಳ ಮೇಲಿನ ಮೌಲೂದಿ ವರ್ಷದ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. ಆ ರೂಢಿ ತಿಳಿಯದೆ ಓದಿದರೆ ಅಂಕೆ ಸರಿ, ವರ್ಷ ತಪ್ಪು.

ಕುಂಸಿಯ ಕತ್ತಿ

ಮುಂದಿನ ಭಾನುವಾರ ಕುಂಸಿಗೆ ಹೋದೆ. ಕತ್ತಿಯನ್ನು ಹಳೆಯ ಪಂಚೆಯ ಮೇಲೆ ಮಲಗಿಸಿದ್ದರು. ನೋಡಿದ ತಕ್ಷಣ ನನಗೆ ಹೊಟ್ಟೆಯಲ್ಲಿ ಕಸಿವಿಸಿ ಆಯಿತು. ಬಾಲ ಫಳಫಳ ಹೊಳೆಯುತ್ತಿತ್ತು. ಫೋಟೊ ಕಳಿಸಿದ ಮೇಲೆ, ಅಕ್ಷರ ಚೆನ್ನಾಗಿ ಕಾಣಲಿ ಅಂತ ಹುಣಸೆಹಣ್ಣು, ಉಪ್ಪು ಹಾಕಿ ಎರಡು ದಿನ ಉಜ್ಜಿದ್ದರಂತೆ, ಹಿತ್ತಾಳೆ ದೀಪ ತಿಕ್ಕುವ ಹಾಗೆ. ತುಕ್ಕಿನ ಬಣ್ಣ ಹೇಳಬೇಕಾದ ಸಾಕ್ಷಿ ಚರಂಡಿಗೆ ಹೋಗಿತ್ತು. ಅರದ ಗೀರುಗಳೂ ಅರ್ಧ ಸವೆದಿದ್ದವು. ಅವರನ್ನು ಬೈಯೋಕೆ ನನಗೆ ಬಾಯಿ ಬರಲಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಶಾಸನಕಲ್ಲಿಗೆ ಎನಾಮಲ್ ಬಣ್ಣ ಬಳಿಯುವುದನ್ನು, ಗೋಡೆಯ ಬರಹಕ್ಕೆ ಮರಳು ಊದಿ ತೊಳೆಯುವುದನ್ನು ನಾವು ಊರೂರಿನಲ್ಲಿ ನೋಡಿದ್ದೀವಿ. ಎಲ್ಲ ಕಡೆಯೂ ಉದ್ದೇಶ ಒಂದೇ, ಅಕ್ಷರ ಚೆನ್ನಾಗಿ ಕಾಣಲಿ.

ಅದೃಷ್ಟಕ್ಕೆ ಮೊದಲಿನ ಫೋಟೊಗಳಿದ್ದವು. ಅವುಗಳಲ್ಲಿ ತುಕ್ಕು ಕೆಂಪು, ಪುಡಿ. ತೂತು ಒಂದೇ. ಅಲಗು ಸುಮಾರು 66 ಸೆಂ.ಮೀ., ಬಾಗು ಸಾಧಾರಣ. ಹದದ ಗೆರೆ ಇತ್ತು, ಆದರೆ ಒಳಗೆ ಜೀವವಿಲ್ಲ. ನೀರಿನ ಬದಲು ಎಣ್ಣೆಯಲ್ಲಿ ಅದ್ದಿ ಹದ ಮಾಡಿದ ಅಲಗುಗಳಲ್ಲಿ ಹೀಗೆ ಕಾಣುತ್ತದೆ. ಮಡಚಿ ಬಡಿದ ಎಳೆಯ ಗುರುತು ಎಲ್ಲೂ ಇಲ್ಲ. ಹೆಸರಿನ ಮೇಲ್ಭಾಗದಲ್ಲಿ, ಉಜ್ಜಿದರೂ ಹೋಗದಷ್ಟು ಆಳವಾಗಿ ಒತ್ತಿದ್ದ ಒಂದು ಪುಟ್ಟ ಮುದ್ರೆ ಇತ್ತು. ಮೊಬೈಲು ಅದನ್ನು ಓದಿರಲಿಲ್ಲ, ಯಾಕೆಂದರೆ ಸ್ನೇಹಿತರು ಹೆಸರಿನ ಎರಡು ಅಕ್ಷರ ಮಾತ್ರ ಕತ್ತರಿಸಿ ಹಾಕಿದ್ದರು. 1930–40ರ ದಶಕದಲ್ಲಿ, ಸೈನ್ಯಕ್ಕೆಂದು ಕಾರ್ಖಾನೆಯ ಉಕ್ಕಿನಿಂದ ಮಾಡಿದ ಕತ್ತಿಗಳ ಮೇಲೆ ಸೆಕಿ ಊರಿನಲ್ಲಿ ಇಂಥ ಮುದ್ರೆ ಒತ್ತುತ್ತಿದ್ದರು. ಹಿಡಿಯ ಲೋಹದ ಸಾಮಾನಿನ ಮೇಲೆ ಚೆರ್ರಿ ಹೂವಿನ ಚಿತ್ರ, ಒರೆ ಕಂದು ಬಣ್ಣದ ಲೋಹದ್ದು. 1934ರಿಂದ ಜಪಾನೀ ಸೇನಾಧಿಕಾರಿಗಳಿಗೆ ಬಂದ ಹೊಸ ಮಾದರಿಯ ಕತ್ತಿ ಇದು.

ಇಲ್ಲೊಂದು ಎಚ್ಚರಿಕೆ. ಬರೀ ಹಿಡಿ, ಒರೆ ನೋಡಿ ಯುದ್ಧಕಾಲದ್ದು ಅಂದರೂ ತಪ್ಪಾಗುತ್ತಿತ್ತು. ಎಷ್ಟೋ ಅಧಿಕಾರಿಗಳು ಮನೆತನದ ಹಳೆಯ ಅಲಗಿಗೆ ಸೈನ್ಯದ ಹೊಸ ಹಿಡಿ ಹಾಕಿಸಿಕೊಂಡು ಯುದ್ಧಕ್ಕೆ ಹೋಗಿದ್ದರು. ಅಲಗು ಒಂದು ಕಾಲ, ಹಿಡಿ ಇನ್ನೊಂದು ಕಾಲ. ನಮ್ಮಲ್ಲೂ ಹಾಗೇ. ಪೋರ್ಚುಗೀಸರು ಬಂದ ಮೇಲೆ ಯುರೋಪಿನ ಅಲಗುಗಳು ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಇಳಿದವು, ಅವಕ್ಕೆ ಇಲ್ಲಿಯ ಹಿಡಿ ಕೂರಿಸಿದರು. ಕನ್ನಡದಲ್ಲಿ ಫಿರಂಗಿ ಎಂದರೆ ತೋಪು, ಆದರೆ ಆಯುಧ ತಜ್ಞರು ಇಂಥ ಕತ್ತಿಯನ್ನೂ ಫಿರಂಗಿ ಎನ್ನುತ್ತಾರೆ. ಆ ಯುರೋಪಿನ ಅಲಗುಗಳ ಮೇಲಿನ ಓಡುವ ತೋಳದ ಗುರುತು, ಹೆಸರಾಂತ ಕಮ್ಮಾರರ ಹೆಸರು ಇವನ್ನೆಲ್ಲ ಅಲ್ಲೂ ಇಲ್ಲೂ ನಕಲು ಮಾಡಿದ್ದಾರೆ. ಹಾಗಾಗಿ ಇಂಥ ಕತ್ತಿಗೆ "ಖಡ್ಗ, 17ನೇ ಶತಮಾನ" ಎಂದು ಒಂದೇ ಸಾಲಿನ ಚೀಟಿ ಅಂಟಿಸಿದರೆ, ಅದು ಯಾವುದರ ಕಾಲ ಎಂದು ಕೇಳುವ ಹಕ್ಕು ನೋಡುಗನಿಗಿದೆ. ಅಲಗಿನದ್ದೋ, ಹಿಡಿಯದ್ದೋ, ಇಟ್ಟುಕೊಂಡ ಮನೆತನದ್ದೋ?

ಸ್ನೇಹಿತರಿಗೆ ಇದನ್ನೆಲ್ಲ ಹೇಳಿದಾಗ ಮುಖ ಸಣ್ಣದಾಯಿತು. "ಹಾಗಾದ್ರೆ ಡೂಪ್ಲಿಕೇಟ್ ಅನ್ನಿ" ಅಂದರು.

ಸುಳ್ಳು ಬರಹವನ್ನು ಏನು ಮಾಡಬೇಕು?

ಈ ಮಾತಿಗೆ ಉತ್ತರ ಹುಡುಕುವಾಗ ಜಪಾನೀ ಪದ್ಧತಿಯ ಬಗ್ಗೆಯೂ ನನಗೆ ತಕರಾರು ಇದೆ. ಸುಳ್ಳು ಹೆಸರಿಗೆ ಅವರು ಗಿಮೇಯ್ ಎನ್ನುತ್ತಾರೆ. ಹೊನ್ನಮಿ ಮನೆತನದವರು ತಲೆತಲಾಂತರ ಕತ್ತಿ ಪರೀಕ್ಷೆ ಮಾಡಿದರು. ಯುದ್ಧದ ನಂತರ 1948ರಲ್ಲಿ ಟೋಕಿಯೊದಲ್ಲಿ ಕತ್ತಿಗಳ ಸಂರಕ್ಷಣೆಗೆಂದು ಒಂದು ಸಂಘ ಹುಟ್ಟಿತು, ಅದು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ. ಹೆಸರು ಸುಳ್ಳಾದರೆ ಪ್ರಮಾಣಪತ್ರ ಇಲ್ಲ. ಇಷ್ಟು ಸರಿ. ಆದರೆ ಪ್ರಮಾಣಪತ್ರದ ಆಸೆಗೆ ಮಾಲೀಕರು ಆ ಸುಳ್ಳು ಹೆಸರನ್ನು ಅರದಿಂದ ಉಜ್ಜಿ ಅಳಿಸುವುದೂ ಉಂಟು. ಅಲಗು ಒಳ್ಳೆಯದು, ಹೆಸರು ಮಾತ್ರ ಕಳಂಕ, ತೆಗೆದುಬಿಡೋಣ ಅನ್ನುವ ತರ್ಕ.

ಶಾಸನದ ಕಡೆಯವರು ಇದನ್ನು ಒಪ್ಪೋಕಾಗಲ್ಲ. ಜನಮೇಜಯನ ಪಟ ಸುಳ್ಳು ಅಂತ ನಾವು ಅದನ್ನು ಕರಗಿಸಿಲ್ಲ. ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೇ ಸಂಪುಟಗಳಲ್ಲಿ ರೈಸ್ ನಮ್ಮ ಜಿಲ್ಲೆಯ ಶಾಸನಗಳನ್ನು 1902, 1904ರಲ್ಲಿ ಅಚ್ಚು ಹಾಕಿಸಿದಾಗ ಅಂಥವನ್ನೂ ಸೇರಿಸಿದರು. ಒಳ್ಳೆಯದೇ ಆಯಿತು. ಆ ಪಟ ಜನಮೇಜಯನ ಬಗ್ಗೆ ಏನೂ ಹೇಳುವುದಿಲ್ಲ. ಆದರೆ ಅದನ್ನು ಬರೆಸಿದ ಕಾಲದಲ್ಲಿ ಅಗ್ರಹಾರದ ಭೂಮಿಯ ಮೇಲೆ ಹಕ್ಕು ಸಾಧಿಸಬೇಕಾದರೆ ಎಷ್ಟು ಹಳೆಯ ಹೆಸರು ಬೇಕಾಗಿತ್ತು, ಯಾರ ಹೆಸರು ಹೇಳಿದರೆ ಜನ ನಂಬುತ್ತಿದ್ದರು ಅನ್ನೋದನ್ನು ಹೇಳುತ್ತದೆ. ಸುಳ್ಳು ಹೇಳಿದವನ ಕಾಲಕ್ಕೆ ಅದು ನಿಜವಾದ ದಾಖಲೆ. ಕತ್ತಿಯ ಮೇಲಿನ ಸುಳ್ಳು ಹೆಸರೂ ಹಾಗೆ: ಯಾವ ಕಾಲದಲ್ಲಿ ಯಾವ ಕಮ್ಮಾರನಿಗೆ ಬೆಲೆಯಿತ್ತು, ಯಾರ ಹೆಸರು ಕದಿಯಲು ಯೋಗ್ಯವಾಗಿತ್ತು ಎಂಬುದರ ಲೆಕ್ಕ. ಅಳಿಸಿದರೆ ಕತ್ತಿ ಚೊಕ್ಕವಾಗುತ್ತದೆ, ಲೆಕ್ಕ ಹೋಗುತ್ತದೆ.

ಹಾಗಾಗಿ ಎರಡೂ ಕಡೆಯವರು ಒಬ್ಬರಿಂದೊಬ್ಬರು ಕಲಿಯೋದಿದೆ. ಬರಹದಿಂದ ಶುರು ಮಾಡಬೇಡಿ ಅನ್ನೋದನ್ನು ಕತ್ತಿ ತಜ್ಞರು ನಮಗೆ ನೆನಪಿಸಬಹುದು, ಯಾಕೆಂದರೆ ನಾವೂ ಕಲ್ಲನ್ನು ಬಿಟ್ಟು ಪಾಠಕ್ಕೆ ಹಾರುತ್ತೇವೆ. ಯಾವ ಬರಹವನ್ನೂ ಅಳಿಸಬೇಡಿ ಅನ್ನೋದನ್ನು ನಾವು ಅವರಿಗೆ ಹೇಳಬಹುದು. ಕುಂಸಿಯ ಕತ್ತಿ ಡೂಪ್ಲಿಕೇಟ್ ಅಲ್ಲ, ಅದನ್ನೂ ಸೇರಿಸಬೇಕು. ಮುದ್ರೆಯನ್ನು ಮರೆಮಾಚದೆ ಒತ್ತಿದ ಕತ್ತಿ ತನ್ನ ಕಾಲವನ್ನು ತಾನೇ ಒಪ್ಪಿಕೊಂಡಿದೆ. ಐನೂರು ವರ್ಷದ ಸುಳ್ಳನ್ನು ಅದಕ್ಕೆ ಅಂಟಿಸಿದ್ದು ನಾವು.

ಪೆಟ್ಟಿಗೆಯಲ್ಲಿದ್ದ ತುಂಡು

ಹೊರಡುವಾಗ ಕೇಳಿದೆ, ಈ ಕತ್ತಿ ಮನೆಗೆ ಬಂದದ್ದು ಹೇಗೆ ಅಂತ. ಮೊದಲ ದಿನವೇ ಕೇಳಬೇಕಿತ್ತು, ನಾನೂ ಅಕ್ಷರದ ಹಿಂದೆ ಹೋಗಿದ್ದೆ. ಸ್ನೇಹಿತರ ಸೋದರತ್ತೆ, ಎಂಬತ್ತು ದಾಟಿದವರು, ಒಳಗಿನಿಂದ ಉತ್ತರ ಕೊಟ್ಟರು: "ಅಪ್ಪಯ್ಯ ಬರ್ಮಾದಿಂದ ತಂದಿದ್ದು. ಮಿಲಿಟ್ರೀಲಿ ಜಮಾದಾರ್ ಆಗಿದ್ರು." ಆಮೇಲೆ ಜಮೀನಿನ ಪತ್ರಗಳಿರುವ ತಗಡಿನ ಪೆಟ್ಟಿಗೆ ತೆಗೆದು, ಬೆರಳಗಲದ ಒಂದು ಮರದ ತುಂಡು ಕೊಟ್ಟರು. ಒಂದು ತುದಿಯಲ್ಲಿ ತೂತು. ಕತ್ತಿಗೆ ಕಟ್ಟಿತ್ತಂತೆ, ಅಪ್ಪಯ್ಯ ಇದನ್ನು ಬಿಸಾಕಬಾರದು ಅಂದಿದ್ದರಂತೆ. ಯಾಕೆ ಅಂತ ಅವರು ಕೇಳಿರಲಿಲ್ಲ.

1945ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಜಪಾನ್ ಶರಣಾದಾಗ, ಆಗ್ನೇಯ ಏಷ್ಯಾದ ಮಿತ್ರಸೇನೆಯ ಮುಖ್ಯಸ್ಥ ಮೌಂಟ್‌ಬ್ಯಾಟನ್, ಜಪಾನೀ ಅಧಿಕಾರಿಗಳು ಎಲ್ಲರ ಎದುರು ತಮ್ಮ ಕತ್ತಿ ಒಪ್ಪಿಸಲೇಬೇಕು ಎಂದು ಪಟ್ಟು ಹಿಡಿದಿದ್ದರು. ಸೆಪ್ಟೆಂಬರ್ 12ರಂದು ಸಿಂಗಾಪುರದಲ್ಲಿ ನಡೆದ ಶರಣಾಗತಿಯಲ್ಲಿ ಭಾರತದ ಕಡೆಯಿಂದ ಹಾಜರಿದ್ದವರು ಕೊಡಗಿನ ಕೆ. ಎಸ್. ತಿಮ್ಮಯ್ಯ, ಆಗ ಬ್ರಿಗೇಡಿಯರ್. ಒಪ್ಪಿಸುವಾಗ ಕೆಲವು ಅಧಿಕಾರಿಗಳು ತಮ್ಮ ಹೆಸರು ಬರೆದ ಚೀಟಿಯನ್ನು, ಮರದ ತುಂಡನ್ನು ಕತ್ತಿಗೆ ಕಟ್ಟುತ್ತಿದ್ದರು. ಪೆಟ್ಟಿಗೆಯಲ್ಲಿದ್ದದ್ದು ಅದೇ. ಒಂದು ಮಗ್ಗುಲಿಗೆ ಮಸಿಯಲ್ಲಿ ಉದ್ದಕ್ಕೆ ನಾಲ್ಕೈದು ಜಪಾನೀ ಅಕ್ಷರ, ಇನ್ನೊಂದು ಮಗ್ಗುಲಿಗೆ ಪೆನ್ಸಿಲಿನಲ್ಲಿ ಇಂಗ್ಲಿಷ್, ಲೆಫ್ಟಿನೆಂಟ್ ಅನ್ನುವುದರ ಸಂಕ್ಷೇಪ, ಆಮೇಲೆ ಮಾಸಿದ ಕೆಲವು ಅಕ್ಷರ.

ಅಲಗಿನ ಮೇಲಿನ ಎರಡಕ್ಷರಕ್ಕಿಂತ ಈ ತುಂಡು ದೊಡ್ಡ ಶಾಸನ. ಕತ್ತಿ ಯಾರ ಸೊಂಟದಿಂದ ಯಾರ ಕೈಗೆ ಬಂತು, ಹೇಗೆ ಕುಂಸಿಯ ಅಟ್ಟ ಸೇರಿತು ಅನ್ನೋದರ ಎರಡು ಕೊನೆಗಳನ್ನು ಇದೊಂದೇ ಹಿಡಿದಿದೆ. 2023ರ ಮೇ 23ರಂದು ಲಂಡನ್ನಿನಲ್ಲಿ ಟಿಪ್ಪುವಿನ ಮಲಗುವ ಕೋಣೆಯ ಕತ್ತಿ 1.4 ಕೋಟಿ ಪೌಂಡಿಗೂ ಹೆಚ್ಚಿಗೆ ಹರಾಜಾಯಿತಲ್ಲ, ಅದರ ಹಿಂದೆ ಇದ್ದದ್ದೂ ಇಂಥ ದಾರಿಯ ದಾಖಲೆಯೇ: 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸೈನ್ಯ ಅದನ್ನು ಮೇಜರ್ ಜನರಲ್ ಬೇರ್ಡ್‌ಗೆ ಕೊಟ್ಟಿತು ಎಂಬ ಬರಹ. ಪಾರ್ಸಿ ಅಕ್ಷರವಿರುವ ಕತ್ತಿಗಳು ಸಾವಿರಾರು ಇವೆ. ದಾರಿ ತಿಳಿದವು ಕೆಲವೇ.

ಜಪಾನಿನ ಕಾನೂನಿನಲ್ಲಿ ಸಂಪ್ರದಾಯದ ವಿಧಾನದಲ್ಲಿ ಮಾಡಿದ ಕತ್ತಿಗಳಿಗೆ ಮಾತ್ರ ನೋಂದಣಿ. ಕಾರ್ಖಾನೆ ಉಕ್ಕಿನ ಈ ಕತ್ತಿಗೆ ಹುಟ್ಟಿದ ದೇಶದಲ್ಲಿ ಜಾಗವಿಲ್ಲ. ಆದರೆ ಆ ಮರದ ತುಂಡಿಗೆ ಅಲ್ಲಿ ಯಾವುದೋ ಮನೆಯಲ್ಲಿ ಜಾಗ ಇರಬಹುದು. ಸ್ನೇಹಿತರು ಈಗ ಬೆಲೆಯ ಮಾತು ಬಿಟ್ಟಿದ್ದಾರೆ. ತುಂಡಿನ ಎರಡೂ ಮಗ್ಗುಲಿನ ಫೋಟೊವನ್ನು ಓರೆ ಬೆಳಕಿನಲ್ಲಿ ತೆಗೆಸಿದ್ದಾರೆ, ಜಪಾನೀ ಕೈಬರಹ ಬಲ್ಲವರನ್ನು ಹುಡುಕುತ್ತಿದ್ದಾರೆ.

ನಿಮ್ಮ ಮನೆಯಲ್ಲೂ ಇಂಥದ್ದೇನಾದರೂ ಇದ್ದರೆ ಇಷ್ಟು ಮಾಡಿ. ಏನನ್ನೂ ಉಜ್ಜಬೇಡಿ, ಮುಖ್ಯವಾಗಿ ಬಾಲವನ್ನು. ಅಲಗಿಗೆ ಬರಿಗೈ ತಾಗಿಸಬೇಡಿ. ಫೋಟೊ ತೆಗೆಯುವಾಗ ಮೊದಲು ಇಡೀ ಕತ್ತಿ, ಆಮೇಲೆ ಮೊನೆ, ಹದದ ಗೆರೆ, ಬಾಲದ ಎರಡೂ ಮಗ್ಗುಲು, ಕೊನೆಗೆ ಅಕ್ಷರ. 9 ಅಂಗುಲ ಮೀರಿದ ಅಲಗು 1959ರ ಶಸ್ತ್ರ ಕಾಯ್ದೆಯ ಪಟ್ಟಿಯಲ್ಲಿ ಬರುತ್ತದೆ, ಆದ್ದರಿಂದ ಠಾಣೆಯಲ್ಲಿ ಒಮ್ಮೆ ವಿಚಾರಿಸಿ. ನೂರು ವರ್ಷ ದಾಟಿದ್ದಾದರೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ, ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ಇದೆಲ್ಲಕ್ಕೂ ಮೊದಲು, ಮನೆಯ ಹಿರಿಯರನ್ನು ಕೂರಿಸಿಕೊಂಡು ಇದು ಎಲ್ಲಿಂದ ಬಂತು ಅಂತ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಅಕ್ಷರ ಇನ್ನೊಂದು ವರ್ಷ ಕಾಯುತ್ತೆ. ಅತ್ತೆಗೆ ಎಂಬತ್ತು ದಾಟಿದೆ.